ಕೊಡಗಿನ ಅರಸುಮಕ್ಕಳ ಪಾಲನೆ: ಒಂದು ಐತಿಹಾಸಿಕ ವಿಚಾರ

ಶ್ರೀಮಠದ ಮಹೋತ್ಸವದ ಈ ಸ್ಮಾರಕ ಸಂಪುಟಕ್ಕೆ ಕೊಡಗಿನ ಇತಿಹಾಸವನ್ನು ಕುರಿತು ಲೇಖನವೊಂದನ್ನು ಬರೆಯಬೇಕೆಂದು ಪೂಜ್ಯ ಶ್ರೀಗಳವರಿಂದ ಅಪ್ಪಣೆಯಾದಾಗ, ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂದು ತಿಳಿಯದೆ ಕೆಲವು ದಿನ ಸುಮ್ಮನಿದ್ದೆನು. ಹಾಲೇರಿಯ ಲಿಂಗಾಯತ ಅರಸರು ಸುಮಾರು ಎರಡು ಶತಮಾನಗಳ ಕಾಲ, ೧೮೩೪ರವರೆಗೆ, ಈ ನಾಡನ್ನು ಆಳಿದರು. ಅವರ ಯುದ್ಧಗಳು, ಅವರು ಕಟ್ಟಿಸಿದ ಕೋಟೆ ಅರಮನೆಗಳು, ದೇವಾಲಯ ಮಠಗಳಿಗೆ ಬಿಟ್ಟ ದತ್ತಿಗಳು, ಕೊನೆಯ ಅರಸನ ಕ್ರೌರ್ಯದ ಕಥೆಗಳು, ಇವನ್ನೆಲ್ಲ ಬಲ್ಲವರು ಬಹುಮಂದಿ ಬರೆದಿರುವರು. ಆದರೆ ಆ ಮನೆತನದಲ್ಲಿ ಹುಟ್ಟಿದ ಮಕ್ಕಳನ್ನು ಯಾರು ಸಾಕಿದರು, ಹೇಗೆ ಸಾಕಿದರು, ಆ ಸಾಕಣೆಯಿಂದ ಮಕ್ಕಳಿಗೆ ಒದಗಿದುದೇನು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆಯನ್ನೇ ಇಲ್ಲಿ ಎತ್ತಿಕೊಂಡಿರುವೆನು.

ಮಕ್ಕಳ ಉಪೇಕ್ಷೆಯೆಂದೊಡನೆ ಹಸಿದ ಹೊಟ್ಟೆ, ಹರಿದ ಅಂಗಿ, ಮಳೆಯಲ್ಲಿ ನೆನೆಯುವ ಮೈ ಇವುಗಳು ನಮ್ಮ ಕಣ್ಣ ಮುಂದೆ ಬರುವುದು ಸಹಜ. ಬಡತನದಿಂದಾಗುವ ಆ ಕಷ್ಟವನ್ನು ಯಾರೂ ಅಲ್ಲಗಳೆಯರು. ಆದರೆ ಅರಸುಮಕ್ಕಳ ಚರಿತ್ರೆಯು ಬೇರೊಂದು ಮಾತನ್ನು ಹೇಳುತ್ತದೆ. ಹೊಟ್ಟೆ ತುಂಬಿದ್ದರೂ, ಕೊರಳಲ್ಲಿ ರತ್ನದ ಹಾರವಿದ್ದರೂ, ಬಾಗಿಲಲ್ಲಿ ಆಳುಗಳು ನಿಂತಿದ್ದರೂ ಮಗುವು ಉಪೇಕ್ಷೆಗೆ ಗುರಿಯಾಗಬಹುದು. ಹಾಗಾದರೆ ಪಾಲನೆಯು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಪರರ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಡುವ ಮಠಗಳಿಗೆ ಈ ಪ್ರಶ್ನೆ ದೂರದ್ದಲ್ಲ; ಅದು ನಮ್ಮ ಪಡಸಾಲೆಯೊಳಗಿನ ಪ್ರಶ್ನೆಯೇ ಆಗಿರುವುದು.

ಹೈದರಾಲಿಯ ಪಾಲಕತ್ವ

ಕ್ರಿ. ಶ. ೧೭೮೦ರಲ್ಲಿ ಹಿರಿಯ ಲಿಂಗರಾಜನು ತೀರಿಕೊಂಡನು. ಆತನ ಮಕ್ಕಳು ಇನ್ನೂ ಪ್ರಾಪ್ತವಯಸ್ಸಿಗೆ ಬಂದಿರಲಿಲ್ಲ. ಹಿರಿಯವನಾದ ವೀರರಾಜೇಂದ್ರನಿಗೆ ಆಗ ಸುಮಾರು ಹದಿನಾರು ವರ್ಷ. ಮೈಸೂರಿನ ಹೈದರಾಲಿಯು, ಈ ಮಕ್ಕಳು ದೊಡ್ಡವರಾಗುವವರೆಗೆ ತಾನೇ ಅವರ ಪಾಲಕನೆಂದು ಹೇಳಿ ಕೊಡಗನ್ನು ವಶಪಡಿಸಿಕೊಂಡನು. ಮಡಿಕೇರಿಯ ಕೋಟೆಯಲ್ಲಿ ಮೈಸೂರಿನ ಸೈನ್ಯವು ನೆಲೆಯೂರಿತು. ಮಕ್ಕಳನ್ನು ಹಾಸನ ಸೀಮೆಯ ಗೊರೂರಿಗೆ ಕಳುಹಿಸಿ ಅಲ್ಲಿಯ ಕೋಟೆಯಲ್ಲಿರಿಸಲಾಯಿತು. ಹೈದರನು ೧೭೮೨ರಲ್ಲಿ ಮರಣಹೊಂದಿದ ಮೇಲೆ ಟೀಪುವು ಅವರನ್ನು ಪಿರಿಯಾಪಟ್ಟಣಕ್ಕೆ ಸಾಗಿಸಿದನು. ೧೭೮೮ರಲ್ಲಿ ಕೊಡವರ ಸಹಾಯದಿಂದ ವೀರರಾಜೇಂದ್ರನು ತಮ್ಮಂದಿರೊಡನೆ ಅಲ್ಲಿಂದ ತಪ್ಪಿಸಿಕೊಂಡು ಬಂದು ನಾಡನ್ನು ಮರಳಿ ಗೆದ್ದುದು ಕೊಡಗಿನಲ್ಲಿ ಮನೆಮಾತಾಗಿರುವ ಸಂಗತಿ.

ಇಲ್ಲಿ ಗಮನಿಸಬೇಕಾದುದೇನೆಂದರೆ, ಬಾಲಕರನ್ನು ಸೆರೆಯಲ್ಲಿಟ್ಟ ಕಾರ್ಯಕ್ಕೆ ಸೆರೆಯೆಂಬ ಹೆಸರನ್ನು ಕೊಡದೆ ಪಾಲನೆಯೆಂಬ ಹೆಸರನ್ನು ಕೊಡಲಾಯಿತು. ಪಾಲಕನೆನಿಸಿಕೊಂಡವನಿಗೆ ಮಕ್ಕಳಿಗಿಂತ ಮಕ್ಕಳ ನಾಡು ಬೇಕಾಗಿದ್ದಿತು. ಮಕ್ಕಳು ಎಂದೆಂದಿಗೂ ದೊಡ್ಡವರಾಗದಿದ್ದರೇ ಅವನಿಗೆ ಲಾಭ. ತನ್ನ ಕೈಕೆಳಗಿನ ಮಗು ಬೆಳೆದು ಸ್ವತಂತ್ರವಾಗುವುದು ಯಾವ ಪಾಲಕನಿಗೆ ನಷ್ಟವೋ, ಅವನ ಪಾಲನೆಯು ಎಷ್ಟೇ ಸುಖಕರವಾಗಿ ಕಂಡರೂ ಸಂಶಯಕ್ಕೆ ಆಸ್ಪದವಾದುದೇ. ಚರಿತ್ರೆಯು ನಮಗೆ ಕಲಿಸುವ ಮೊದಲನೆಯ ಪಾಠವಿದು.

ದೇವಮ್ಮಾಜಿಯ ಪಾಲಿಗೆ ಬಂದುದು

ಸೆರೆಯಿಂದ ಬಂದ ವೀರರಾಜೇಂದ್ರನು ದೊಡ್ಡ ಅರಸನಾದನು. ತನ್ನ ವಂಶದ ಚರಿತ್ರೆಯಾದ ರಾಜೇಂದ್ರನಾಮೆಯನ್ನು ಬರೆಯಿಸಿದವನೂ ಆತನೇ. ಆದರೆ ಪಟ್ಟದರಾಣಿ ಮಹದೇವಮ್ಮಾಜಿಯು ೧೮೦೭ರಲ್ಲಿ ತೀರಿಕೊಂಡ ಮೇಲೆ ಆತನ ಮನಸ್ಸು ಕದಡಿತು. ಯಾರನ್ನೂ ನಂಬದ ಸ್ಥಿತಿಗೆ ಬಂದನು. ಗಂಡುಸಂತಾನವಿಲ್ಲದಿದ್ದುದರಿಂದ ತನ್ನ ಹಿರಿಯ ಮಗಳಾದ ದೇವಮ್ಮಾಜಿಯ ಸಂತತಿಗೆ ಸಿಂಹಾಸನವು ಸಲ್ಲಬೇಕೆಂದು ಏರ್ಪಾಡು ಮಾಡಿ, ಇಂಗ್ಲಿಷ್ ಕಂಪನಿಯವರ ಒಪ್ಪಿಗೆಯನ್ನೂ ಪಡೆದನು. ೧೮೦೯ರಲ್ಲಿ ಆತನು ತೀರಿಕೊಂಡಾಗ ದೇವಮ್ಮಾಜಿಯು ಇನ್ನೂ ಬಾಲಿಕೆ. ಹುಡುಗಿಯ ಪರವಾಗಿ ರಾಜ್ಯಭಾರವನ್ನು ನೋಡಿಕೊಳ್ಳುವೆನೆಂದು ಮುಂದೆ ಬಂದವನು ಆಕೆಯ ಚಿಕ್ಕಪ್ಪನಾದ ಲಿಂಗರಾಜೇಂದ್ರನು. ಎರಡೇ ವರ್ಷಗಳಲ್ಲಿ, ೧೮೧೧ರಲ್ಲಿ, ಆತನು ತಾನೇ ಅರಸನೆಂದು ಸಾರಿಕೊಂಡನು. ದೇವಮ್ಮಾಜಿಗೆ ತಂದೆಯ ಸಿಂಹಾಸನವು ಮತ್ತೆ ದೊರೆಯಲಿಲ್ಲ.

ಈ ಲಿಂಗರಾಜೇಂದ್ರನು ಯಾರು? ಗೊರೂರು ಪಿರಿಯಾಪಟ್ಟಣಗಳಲ್ಲಿ ಅಣ್ಣನೊಡನೆ ಸೆರೆಯನ್ನು ಅನುಭವಿಸಿದ್ದ ಬಾಲಕನೇ ಈತನು. ಪಾಲಕತ್ವವೆಂಬ ಹೆಸರಿನಲ್ಲಿ ಮಕ್ಕಳ ಸೊತ್ತನ್ನು ಅಪಹರಿಸುವುದು ಹೇಗೆಂಬುದನ್ನು ಆತನು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ. ತನ್ನ ಎಳೆಯ ಮೈಮೇಲೆಯೇ ಅದನ್ನು ಕಂಡಿದ್ದನು. ಅನುಭವಿಸಿದ ಕಷ್ಟವು ಮನುಷ್ಯನನ್ನು ದಯಾಳುವನ್ನಾಗಿ ಮಾಡುವುದೆಂದು ನಾವು ಹೇಳುವುದುಂಟು. ಎಲ್ಲ ಕಾಲಕ್ಕೂ ಹಾಗಾಗುವುದಿಲ್ಲ. ಉಪೇಕ್ಷೆಗೊಳಗಾದ ಮಗುವನ್ನು ಯಾರೂ ಸಂತೈಸದಿದ್ದರೆ, ಆ ಮಗು ತಾನು ಕಂಡ ರೀತಿಯನ್ನೇ ಲೋಕದ ರೀತಿಯೆಂದು ತಿಳಿದು, ಕೈಗೆ ಅಧಿಕಾರ ಬಂದಾಗ ಅದನ್ನೇ ನಡೆಸಬಹುದು. ಹೀಗೆ ಒಂದು ತಲೆಮಾರಿನ ಅಪರಾಧವು ಮುಂದಿನ ತಲೆಮಾರಿನ ಪದ್ಧತಿಯಾಗುವುದುಂಟು. ಇದು ಎರಡನೆಯ ಪಾಠ.

ಗೌರಮ್ಮನ ಕಥೆ

ಲಿಂಗರಾಜೇಂದ್ರನ ಮಗನೇ ಕೊಡಗಿನ ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರನು. ೧೮೨೦ರಲ್ಲಿ ಪಟ್ಟಕ್ಕೆ ಬಂದ ಈತನನ್ನು ೧೮೩೪ರ ಏಪ್ರಿಲ್ ತಿಂಗಳಲ್ಲಿ ಕಂಪನಿಯ ಸೈನ್ಯವು ಪದಚ್ಯುತನನ್ನಾಗಿ ಮಾಡಿತು. ಮುಂದೆ ಕಾಶಿಯಲ್ಲಿ ನಿರ್ಬಂಧದಲ್ಲಿರಿಸಿತು. ಈತನ ಆಳ್ವಿಕೆಯ ದೋಷಗಳನ್ನು ಮುಚ್ಚಬೇಕಾದ ಅಗತ್ಯವಿಲ್ಲ. ಮಾಸ್ತಿಯವರು ೧೯೫೬ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಈತನ ಹೆಸರು ಕನ್ನಡಿಗರೆಲ್ಲರಿಗೂ ಪರಿಚಿತವಾಗಿರುವುದು. ನಮಗೆ ಇಲ್ಲಿ ಬೇಕಾಗಿರುವವಳು ಕಾಶಿಯಲ್ಲಿ ೧೮೪೧ರಲ್ಲಿ ಈತನಿಗೆ ಹುಟ್ಟಿದ ಮಗಳಾದ ಗೌರಮ್ಮ. ಸಣ್ಣ ಕಥೆಗಳನ್ನು ಬರೆದು ೧೯೩೯ರಲ್ಲಿ ತೀರಿಕೊಂಡ ಕೊಡಗಿನ ಗೌರಮ್ಮನವರು ಬೇರೆ, ಈಕೆ ಬೇರೆ.

೧೮೫೨ರಲ್ಲಿ ಚಿಕ್ಕವೀರರಾಜೇಂದ್ರನು, ಕಂಪನಿಯ ವಶವಾಗಿದ್ದ ಹಣವು ತನಗೆ ಸಲ್ಲಬೇಕೆಂದು ನ್ಯಾಯವನ್ನು ಕೇಳುವುದಕ್ಕಾಗಿ ಇಂಗ್ಲೆಂಡಿಗೆ ಹೊರಟನು. ಹತ್ತು ಹನ್ನೊಂದು ವರ್ಷದ ಮಗಳನ್ನು ಸಂಗಡ ಕರೆದುಕೊಂಡು ಹೋದನು. ಆಕೆಯನ್ನು ಕ್ರೈಸ್ತ ಮತದಲ್ಲಿ ಬೆಳೆಯಿಸಲು ತಂದೆಯೇ ಒಪ್ಪಿದನು. ಅದೇ ವರ್ಷದ ಬೇಸಗೆಯಲ್ಲಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಿಂದ ಆಕೆಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯು ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ಗೌರಮ್ಮನು ವಿಕ್ಟೋರಿಯಾ ಗೌರಮ್ಮಳಾದಳು. ವಿಂಟರ್‌ಹಾಲ್ಟರ್ ಎಂಬ ಪ್ರಸಿದ್ಧ ಚಿತ್ರಕಾರನು ಆ ವರ್ಷವೇ ಆಕೆಯ ಚಿತ್ರವನ್ನು ಬರೆದನು. ಮಾರೊಕೆಟ್ಟಿ ಎಂಬ ಶಿಲ್ಪಿಯು ಅಮೃತಶಿಲೆಯಲ್ಲಿ ಆಕೆಯ ಮುಖವನ್ನು ಕಡೆದನು. ಆ ಎರಡೂ ಇಂದಿಗೂ ಅಲ್ಲಿಯ ರಾಜಮನೆತನದ ಸಂಗ್ರಹದಲ್ಲಿರುವುವು.

ತಂದೆಯ ಉದ್ದೇಶವೇನಾಗಿದ್ದಿತು? ಮಗಳಿಗೆ ದೊರೆಯುವ ರಾಣಿಯ ಪ್ರೀತಿಯಿಂದ ತನ್ನ ವ್ಯಾಜ್ಯಕ್ಕೆ ಅನುಕೂಲವಾದೀತೆಂಬ ಆಸೆಯು ಆತನಲ್ಲಿದ್ದಿತೆಂದು ಚರಿತ್ರಕಾರರು ಊಹಿಸಿರುವರು. ಊಹೆಯು ನಿಜವಾಗಿದ್ದರೆ ಆ ಆಸೆ ಫಲಿಸಲಿಲ್ಲ. ವ್ಯಾಜ್ಯದಲ್ಲಿ ಜಯ ದೊರೆಯಲಿಲ್ಲ. ಮಗಳು ಮಾತ್ರ ಕೈಬಿಟ್ಟು ಹೋದಳು. ಆಕೆಯನ್ನು ಡ್ರಮ್ಮಂಡ್ ಎಂಬ ಸೇನಾಧಿಕಾರಿ ದಂಪತಿಗಳ ವಶಕ್ಕೆ ಒಪ್ಪಿಸಲಾಯಿತು. ತಂದೆಯ ಸಹವಾಸದಿಂದ ಆಕೆಯ ಹೊಸ ಶಿಕ್ಷಣವು ಕೆಡುವುದೆಂಬ ಭಯದಿಂದ ಅವರಿಬ್ಬರ ಭೇಟಿಗೆ ಮಿತಿಯನ್ನು ಹಾಕಲಾಯಿತು. ಒಂದೇ ದೇಶದಲ್ಲಿ ತಂದೆಯೂ ಮಗಳೂ ವಾಸಿಸುತ್ತಿದ್ದರೂ ಆಕೆಗೆ ತಂದೆಯ ಮನೆಯಿಲ್ಲದಂತಾಯಿತು.

ಕೆಲವು ವರ್ಷಗಳ ಮೇಲೆ ಆಕೆಯು ಸರ್ ಜಾನ್ ಲಾಗಿನ್ ಎಂಬವರ ಮನೆಗೆ ಬಂದಳು. ಪಂಜಾಬಿನ ಬಾಲರಾಜನಾದ ದಲೀಪಸಿಂಹನನ್ನು ಸಾಕಿದವರೂ ಅವರೇ. ಆ ಹುಡುಗನಿಗೂ ಇದೇ ಗತಿಯಾಗಿದ್ದಿತು: ಚಿಕ್ಕವನಿರುವಾಗಲೇ ತಾಯಿ ಜಿಂದಾಂ ರಾಣಿಯಿಂದ ಅಗಲಿಸಿದರು, ರಾಜ್ಯವನ್ನು ತೆಗೆದುಕೊಂಡರು, ೧೮೫೩ರಲ್ಲಿ ಕ್ರೈಸ್ತನನ್ನಾಗಿ ಮಾಡಿ ಮರುವರ್ಷ ಇಂಗ್ಲೆಂಡಿಗೆ ಕರೆತಂದರು. ಅನಾಥಸಮಾನರಾದ ಈ ಎರಡು ಅರಸುಮಕ್ಕಳಿಗೆ ಮದುವೆಯಾಗಲೆಂದು ರಾಣಿಯು ಬಯಸಿದಳು. ದಲೀಪಸಿಂಹನು ಒಪ್ಪಲಿಲ್ಲ. ಚಿಕ್ಕವೀರರಾಜೇಂದ್ರನು ೧೮೫೯ರಲ್ಲಿ ಲಂಡನ್ನಿನಲ್ಲಿ ಮರಣಹೊಂದಿದನು. ಮರುವರ್ಷ, ಹತ್ತೊಂಬತ್ತರ ಪ್ರಾಯದ ಗೌರಮ್ಮನು ಲೇಡಿ ಲಾಗಿನ್ನಳ ಸೋದರನಾದ ಕರ್ನಲ್ ಜಾನ್ ಕ್ಯಾಂಬೆಲ್ಲನನ್ನು ಮದುವೆಯಾದಳು. ಆತನು ಆಕೆಗಿಂತ ಬಹಳ ಹಿರಿಯನು, ಹೆಂಡತಿಯನ್ನು ಕಳೆದುಕೊಂಡವನು. ೧೮೬೧ರಲ್ಲಿ ಒಂದು ಹೆಣ್ಣುಮಗುವಾಯಿತು. ೧೮೬೪ರ ಮಾರ್ಚಿ ತಿಂಗಳಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಗೌರಮ್ಮನು ಕ್ಷಯರೋಗದಿಂದ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಸಮಾಧಿಯಿರುವುದು. ಕೆಲವು ವರ್ಷಗಳಲ್ಲಿಯೇ ಕ್ಯಾಂಬೆಲ್ಲನು ಎಲ್ಲಿಗೆ ಹೋದನೆಂಬುದು ತಿಳಿಯದಂತೆ ಕಣ್ಮರೆಯಾದನು. ಗೌರಮ್ಮನ ಮಗಳು ತಾಯಿಯಂತೆಯೇ ಪರರ ಆಸರೆಯನ್ನು ನೆಚ್ಚಬೇಕಾಯಿತು.

ಅಳತೆಗೋಲು ಯಾವುದು

ಈಗ ನಿಷ್ಪಕ್ಷಪಾತವಾಗಿ ವಿಚಾರಮಾಡೋಣ. ಗೌರಮ್ಮನಿಗೆ ಅನ್ನವಸ್ತ್ರಗಳ ಕೊರತೆಯಿರಲಿಲ್ಲ. ವಿದ್ಯೆಯನ್ನು ಕಲಿಸಿದರು, ಸಂಗೀತ, ಕುದುರೆಸವಾರಿ ಮೊದಲಾದ ಅಲ್ಲಿಯ ಶ್ರೀಮಂತರ ಅಭ್ಯಾಸಗಳೂ ದೊರೆತವು. ರಾಣಿಯು ಆಕೆಯ ಮೇಲೆ ಮಮತೆಯಿಟ್ಟಿದ್ದಳೆಂಬುದಕ್ಕೆ ರಾಣಿಯ ದಿನಚರಿಯೇ ಸಾಕ್ಷಿ. ಯಾರೂ ಆಕೆಯನ್ನು ಹೊಡೆಯಲಿಲ್ಲ, ಹಸಿವಿನಿಂದ ಕೆಡವಲಿಲ್ಲ. ದೋಷವೆಲ್ಲವನ್ನೂ ಮತಾಂತರದ ಮೇಲೆ ಹೊರಿಸುವುದೂ ಸುಲಭದ ತೀರ್ಪಾದೀತು. ಮತ ಯಾವುದಾದರೂ ಮಗುವಿಗೆ ಬೇಕಾದುದು ಒಂದೇ. ಹೈದರನು ಮಕ್ಕಳನ್ನು ಮತಾಂತರಗೊಳಿಸಲಿಲ್ಲ. ಲಿಂಗರಾಜೇಂದ್ರನು ಸ್ವಮತದವನು, ಸ್ವಂತ ಚಿಕ್ಕಪ್ಪನು. ಆದರೂ ಮೂರು ಕಡೆಯೂ ಫಲ ಒಂದೇ ಆಯಿತು.

ಈ ಮೂರು ಪ್ರಸಂಗಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ನಾಲ್ಕು ಪ್ರಶ್ನೆಗಳು ತಾವಾಗಿಯೇ ಮೇಲೇಳುವುವು. ಮಗುವಿನಿಂದ ಪಾಲಕನಿಗೆ ಲಾಭವೇನಾದರೂ ಉಂಟೆ? ಮಗುವು ತನ್ನವರೊಡನೆಯೂ ತನ್ನ ನುಡಿಯೊಡನೆಯೂ ಸಂಬಂಧವನ್ನು ಉಳಿಸಿಕೊಂಡಿದೆಯೆ? ಅದರ ಮನಸ್ಸಿನ ಮಾತನ್ನು ಕೇಳುವವರು ಇರುವರೆ? ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಹೋಗದೆ, ಇದು ನನ್ನ ಮಗುವೆಂದು ನಿಂತು ನೋಡುವ ಒಬ್ಬರಾದರೂ ಅದಕ್ಕೆ ಉಂಟೆ? ಗೌರಮ್ಮನ ವಿಷಯದಲ್ಲಿ ತಂದೆಗೆ ವ್ಯಾಜ್ಯದ ಲಾಭ ಬೇಕಾಗಿದ್ದಿತು. ಸಾಮ್ರಾಜ್ಯಕ್ಕೆ ಕ್ರೈಸ್ತಳಾದ ಅರಸುಮಗಳೆಂಬ ಕೀರ್ತಿ ಬೇಕಾಗಿದ್ದಿತು. ಗೌರಮ್ಮನಿಗೆ ಏನು ಬೇಕೆಂದು ಕೇಳಿದವರಾರು? ಆಕೆಯ ವಿಷಯದಲ್ಲಿ ನಿಶ್ಚಯವಾದುದೆಲ್ಲವೂ ಹಿರಿಯರ ನಡುವೆಯೇ ನಿಶ್ಚಯವಾಯಿತು.

ಇದು ನನ್ನೊಬ್ಬನ ಕಲ್ಪನೆಯಲ್ಲ. ಗೌರಮ್ಮನು ತೀರಿಕೊಂಡು ಕಾಲುಶತಮಾನವಾದ ಮೇಲೆ, ೧೮೯೦ರಲ್ಲಿ, ನಮ್ಮ ದೇಶದಲ್ಲಿ ಪಾಲಕರನ್ನೂ ಪಾಲ್ಯರನ್ನೂ ಕುರಿತ ಕಾನೂನು ಬಂದಿತು. ಪಾಲಕನನ್ನು ನೇಮಿಸುವಾಗ ನ್ಯಾಯಾಧೀಶನು ಮಗುವಿನ ಕ್ಷೇಮವನ್ನು ನೋಡಬೇಕು. ಮಗುವಿನ ವಯಸ್ಸು, ಲಿಂಗ, ಮತ ಇವುಗಳನ್ನೂ, ಪಾಲಕನ ಶೀಲವನ್ನೂ ಬಂಧುತ್ವವನ್ನೂ ಗಮನಿಸಬೇಕು. ಮಗು ತಿಳಿವಳಿಕೆಯುಳ್ಳದ್ದಾದರೆ ಅದರ ಇಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದು ಅದರ ೧೭ನೆಯ ಪ್ರಕರಣ ಹೇಳುತ್ತದೆ. ಪಾಲಕನು ತನ್ನ ಅಧಿಕಾರದಿಂದ ಯಾವ ಲಾಭವನ್ನೂ ಪಡೆಯಕೂಡದೆಂಬುದು ೨೦ನೆಯ ಪ್ರಕರಣದ ಮಾತು. ಇದನ್ನು ಓದುವಾಗಲೆಲ್ಲ ನನಗೆ ಗೊರೂರಿನ ಕೋಟೆಯೂ ದೇವಮ್ಮಾಜಿಯೂ ನೆನಪಿಗೆ ಬರುವರು. ೧೯೮೯ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿ ೧೯೯೨ರಲ್ಲಿ ಭಾರತವು ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯು, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಾತನಾಡುವ ಹಕ್ಕು ಮಗುವಿಗೆ ಉಂಟೆಂದು ಸ್ಪಷ್ಟವಾಗಿ ಸಾರಿತು.

ವೈದ್ಯಶಾಸ್ತ್ರವೂ ಇದೇ ದಿಕ್ಕಿನಲ್ಲಿ ನಡೆದಿರುವುದು. ರೆನೆ ಸ್ಪಿಟ್ಸ್ ಎಂಬ ವೈದ್ಯನು ೧೯೪೫ರಲ್ಲಿ ಎರಡು ಬಗೆಯ ಶಿಶುಗೃಹಗಳನ್ನು ಹೋಲಿಸಿ ಬರೆದನು. ಒಂದು ತಬ್ಬಲಿಗಳ ಆಶ್ರಮ. ಅಲ್ಲಿ ಶುಚಿತ್ವ, ಆಹಾರ, ವೈದ್ಯರ ತಪಾಸಣೆ ಎಲ್ಲವೂ ಸರಿಯಾಗಿದ್ದವು. ಆದರೆ ಒಬ್ಬ ದಾದಿಯು ಅನೇಕ ಶಿಶುಗಳನ್ನು ನೋಡಿಕೊಳ್ಳಬೇಕಾಗಿದ್ದಿತು. ಇನ್ನೊಂದು ಸ್ತ್ರೀಯರ ಸೆರೆಮನೆಯ ಶಿಶುಗೃಹ; ಅಲ್ಲಿ ಅಪರಾಧಿಗಳಾದ ತಾಯಂದಿರೇ ತಮ್ಮ ಶಿಶುಗಳನ್ನು ಎತ್ತಿ ಆಡಿಸುತ್ತಿದ್ದರು. ಸೆರೆಮನೆಯ ಶಿಶುಗಳು ಚೆನ್ನಾಗಿ ಬೆಳೆದವು. ಆಶ್ರಮದ ಶಿಶುಗಳು ಸೊರಗಿದವು, ನಡೆನುಡಿಗಳಲ್ಲಿ ಹಿಂದುಳಿದವು, ರೋಗ ಬಂದಾಗ ಬಹುಸಂಖ್ಯೆಯಲ್ಲಿ ಸತ್ತುಹೋದವು. ತನ್ನನ್ನೇ ನೋಡಿ ನಗುವ ಒಂದು ಮುಖವಿಲ್ಲದಿದ್ದರೆ ಹಾಲೂ ಮೈಗೆ ಹತ್ತುವುದಿಲ್ಲವೆಂದು ನಮ್ಮ ಹಳ್ಳಿಯ ಅಜ್ಜಿಯರು ಬಲ್ಲ ಸಂಗತಿಯು ಹೀಗೆ ಶಾಸ್ತ್ರದ ಮುದ್ರೆಯನ್ನು ಪಡೆಯಿತು.

ನಮ್ಮ ಪ್ರಸಾದನಿಲಯಗಳು

ಈ ಅಳತೆಗೋಲನ್ನು ಅರಸರಿಗೆ ಹಿಡಿದು ನಮ್ಮನ್ನು ಬಿಟ್ಟರೆ ಅದು ಧರ್ಮವಾಗದು. ಇಪ್ಪತ್ತನೆಯ ಶತಮಾನದ ಆದಿಭಾಗದಿಂದ ಕನ್ನಡನಾಡಿನ ಲಿಂಗಾಯತ ಮಠಗಳು ಬಡಮಕ್ಕಳಿಗಾಗಿ ಪ್ರಸಾದನಿಲಯಗಳನ್ನು ತೆರೆದುವು. ಸಿದ್ಧಗಂಗೆ, ಸುತ್ತೂರು, ಧಾರವಾಡದ ಮುರುಘಾಮಠ ಮೊದಲಾದ ಸ್ಥಾನಗಳಲ್ಲಿ ಜಾತಿಯನ್ನು ಕೇಳದೆ ಅನ್ನವಿಟ್ಟುದರಿಂದ ಓದಿ ಮುಂದೆ ಬಂದವರು ಅಸಂಖ್ಯಾತರು. ೨೦೧೯ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ದಾಸೋಹದ ಕೀರ್ತಿಯನ್ನು ಇಲ್ಲಿ ಬಣ್ಣಿಸಬೇಕಾದುದಿಲ್ಲ. ಅದು ನಮ್ಮ ಸಮಾಜದ ದೊಡ್ಡ ಪುಣ್ಯಕಾರ್ಯವೇ ಸರಿ. ಆದರೆ ಪುಣ್ಯವು ದಾತೃವಿನ ಲೆಕ್ಕಕ್ಕೆ ಸೇರುವಂಥದು. ಪಾಲನೆಯಾದರೋ ಮಗುವಿನ ಲೆಕ್ಕಕ್ಕೆ ಸೇರಬೇಕಾದುದು.

ನನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳಲು ಅನುಮತಿಯಿರಲಿ. ಒಂಬತ್ತನೆಯ ವಯಸ್ಸಿನಲ್ಲಿ ನನ್ನನ್ನು ದೂರದ ಒಂದು ಪಾಠಶಾಲೆಗೆ ಸೇರಿಸಿದರು. ಅದರ ಹೆಸರು ಇಲ್ಲಿ ಬೇಡ; ಅಲ್ಲಿ ಕಲಿತ ವಿದ್ಯೆಯೇ ಇಂದಿಗೂ ನನ್ನ ಅನ್ನ. ಸೇರಿದ ಮೊದಲನೆಯ ಮಳೆಗಾಲದಲ್ಲಿ ಚಳಿಜ್ವರ ಬಂದು ಎರಡು ಹಗಲು, ಎರಡು ರಾತ್ರಿ ಮಾಳಿಗೆಯ ಮೂಲೆಯಲ್ಲಿ ಮಲಗಿದ್ದೆನು. ಯಾರೂ ಹುಡುಕಲಿಲ್ಲ. ದುಷ್ಟತನದಿಂದಲ್ಲ, ಊಟದ ಪಂಕ್ತಿಯಲ್ಲಿ ಎಲೆಗಳನ್ನು ಎಣಿಸುವ ರೂಢಿಯಿದ್ದಿತು, ಎಲೆಗಳ ಲೆಕ್ಕ ಸರಿಯಾಗಿದ್ದಿತು. ನನ್ನ ಎಲೆಯಲ್ಲಿ ನೆಂಟರೊಡನೆ ಬಂದಿದ್ದ ಬೇರೊಬ್ಬ ಹುಡುಗನು ಉಂಡಿದ್ದನು. ಮೂರನೆಯ ದಿನ ಕೊಟ್ಟಿಗೆಯ ಕೆಲಸದ ಮುದುಕನೊಬ್ಬನು ಹುಲ್ಲು ತೆಗೆಯಲು ಮೇಲೆ ಬಂದವನು ನನ್ನ ಹಣೆಯನ್ನು ಮುಟ್ಟಿ ನೋಡಿ, "ಏ ಮಗಾ, ನಿನ್ನ ಹೆಸರೇನಪ್ಪಾ?" ಎಂದು ಕೇಳಿದನು. ಆ ಪಾಠಶಾಲೆಗೆ ಬಂದ ಮೇಲೆ ನನ್ನ ಹೆಸರನ್ನು ಕೇಳಿ ನೆನಪಿಟ್ಟುಕೊಂಡವನು ಅವನೇ ಮೊದಲಿಗನು. ಗೌರಮ್ಮನ ಕಥೆಯನ್ನು ಓದುವಾಗ ನನಗೆ ಆ ಮಾಳಿಗೆಯ ಮೂಲೆ ನೆನಪಾಗುವುದು. ಆಕೆಗೆ ಹೆಸರು ಕೊಟ್ಟವರಿದ್ದರು. ನಿನ್ನ ಹೆಸರೇನೆಂದು ಕೇಳಿದವರಿದ್ದರೋ ಇಲ್ಲವೋ.

ಕಾಲವು ಈಗ ಬದಲಾಗಿದೆ. ಆಶ್ರಯ ಬೇಕಾದ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆಗಳು ನೋಂದಣಿಯನ್ನು ಮಾಡಿಸಬೇಕೆಂದೂ, ಪ್ರತಿಯೊಂದು ಮಗುವಿಗೂ ಪ್ರತ್ಯೇಕವಾದ ಪಾಲನಾ ಯೋಜನೆ ಇರಬೇಕೆಂದೂ, ತನ್ನ ವಶದಲ್ಲಿರುವ ಮಗುವನ್ನು ಬೇಕೆಂದೇ ಉಪೇಕ್ಷಿಸುವುದು ಶಿಕ್ಷಾರ್ಹವೆಂದೂ ೨೦೧೫ರ ಬಾಲನ್ಯಾಯ ಕಾನೂನು ವಿಧಿಸಿರುವುದು. ಜಿಲ್ಲೆಗಳಲ್ಲಿ ಮಕ್ಕಳ ಕಲ್ಯಾಣ ಸಮಿತಿಗಳು ಇರುವುವು. ಸರಕಾರದ ಅಧಿಕಾರಿಗಳು ಬಂದು ನಿಲಯವನ್ನು ನೋಡುವುದು ಮಠದ ಗೌರವಕ್ಕೆ ಕುಂದೆಂದು ನಮ್ಮವರಲ್ಲಿ ಕೆಲವರು ಮುಖ ಸಿಂಡರಿಸುವುದುಂಟು. ಆ ಮಾತನ್ನು ನಾನು ಒಪ್ಪಲಾರೆನು. ಹೈದರನ ಕೋಟೆಯೊಳಗೆ ಯಾರೂ ಹೋಗಿ ನೋಡುವಂತಿರಲಿಲ್ಲ. ದೇವಮ್ಮಾಜಿಯ ಅರಮನೆಯೊಳಗೂ ಹೋಗುವಂತಿರಲಿಲ್ಲ. ಕಾವಿಯಾಗಲಿ ಕಿರೀಟವಾಗಲಿ ಮಗುವಿನ ರಕ್ಷಣೆಗೆ ತಾನೇ ಸಾಕ್ಷಿಯಾಗಲಾರದು. ಬಾಗಿಲು ತೆರೆದಿರುವ ಮನೆಯೇ ಮಗುವಿಗೆ ಕ್ಷೇಮದ ಮನೆ.

ಕೊನೆಯದಾಗಿ ಸದ್ಭಕ್ತರಲ್ಲಿ ಒಂದು ಬಿನ್ನಹ. ಮಡಿಕೇರಿಗೆ ಹೋದವರು ಅಲ್ಲಿಯ ಗದ್ದುಗೆಗಳನ್ನು ನೋಡದೆ ಬರುವುದಿಲ್ಲ. ದೊಡ್ಡ ವೀರರಾಜೇಂದ್ರನೂ ಮಹದೇವಮ್ಮಾಜಿಯೂ ಅಲ್ಲಿ ಮಲಗಿರುವರು. ಲಿಂಗರಾಜೇಂದ್ರನ ಗದ್ದುಗೆಯೂ ಅಲ್ಲಿದೆ. ಗೌರಮ್ಮನು ಅಲ್ಲಿಲ್ಲ. ನಮ್ಮ ಮತದಲ್ಲಿ ಶಿಶುವು ಹುಟ್ಟಿದ ಕೆಲವೇ ದಿನಗಳಲ್ಲಿ ಗುರುವು ಲಿಂಗಧಾರಣೆಯನ್ನು ಮಾಡಿಸುವನು. ಅಂದಿನಿಂದ ಆ ಮಗುವು ತಂದೆತಾಯಿಗಳದು ಮಾತ್ರವಲ್ಲ, ಗುರುಮನೆಯದೂ ಹೌದೆಂಬುದು ಅದರ ಭಾವ. ಅಂಥ ಮಗುವೊಂದು ಕಾಶಿಯಿಂದ ಕಡಲು ದಾಟಿಹೋದಾಗ ಕೊಡಗಿನ ನಮ್ಮ ಮಠಗಳು ಏನು ಮಾಡಬಹುದಾಗಿದ್ದಿತೆಂದು ಇಂದು ಕೇಳಿ ಫಲವಿಲ್ಲ. ಇಂದು ರಾತ್ರಿ ನಮ್ಮ ನಿಲಯದಲ್ಲಿ ಮಲಗುವ ಮಗುವಿನ ಮಟ್ಟಿಗೆ ಕೇಳಬಹುದು. ಮಹೋತ್ಸವದ ಕಾಣಿಕೆಯಾಗಿ ಹೊಸ ಕಟ್ಟಡಗಳಿಗೂ ಶಿಲಾಫಲಕಗಳಿಗೂ ಭಕ್ತರು ಹಣವನ್ನು ಕೊಟ್ಟಿರುವರು, ಅದು ಶ್ಲಾಘ್ಯವಾದುದೇ. ಅದರೊಡನೆ ತಿಂಗಳಿಗೊಮ್ಮೆಯಾದರೂ ಬಂದು ಒಂದು ಮಗುವಿನ ಪಕ್ಕದಲ್ಲಿ ಕುಳಿತು ಉಂಡು, ಅದರ ಹೆಸರನ್ನೂ ಊರನ್ನೂ ಕೇಳಿ, ಅದು ಹೇಳುವುದನ್ನು ಕೊನೆಯವರೆಗೆ ಕೇಳಿಕೊಂಡು ಹೋಗಲಿ. ನಿಲಯದವರು ಪಂಕ್ತಿಯಲ್ಲಿ ಎಲೆಗಳನ್ನು ಎಣಿಸದೆ ಹೆಸರು ಹಿಡಿದು ಮಕ್ಕಳನ್ನು ಎಣಿಸಲಿ.

ಇಷ್ಟನ್ನು ಬಿನ್ನವಿಸಿ, ಈ ಬರಹವನ್ನು ಶ್ರೀಗುರುವಿನ ಪಾದಗಳಿಗೆ ಒಪ್ಪಿಸಿರುವೆನು.